ನಿನ್ನೆಯ ನಕ್ಷೆಯಲ್ಲಿ ಉಳಿದ ಹಾಡಿ

ಎನ್. ಬೇಗೂರಿನ ಕಚೇರಿಯಲ್ಲಿ ನಾನು ಕಾಡಂಚಿನ ಹಾಡಿಗಳ, ಅಂದರೆ ಆದಿವಾಸಿಗಳ ಪುಟ್ಟ ಊರುಗಳ, ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುತ್ತಿದ್ದೆ. ಕಾಡಿನೊಳಗೆ ತಾವು ಬಿಟ್ಟುಬಂದ ಹಾಡಿಯನ್ನು ಅಜ್ಜಿಯೊಬ್ಬರು ನೆನಪಿನಿಂದಲೇ ಹೇಳಿ ಬರೆಸಿದ್ದರು. ಮರುದಿನ ಅದನ್ನು ನೋಡಲು ಅವರು ಬಂದಾಗ ಫೈಲಿನಲ್ಲಿ ಬರೀ ಕಾಡಿನ ಹಸಿರಿತ್ತು; ಯಾರೋ ಅದರ ಮೇಲೆಯೇ ಬೇರೆ ನಕ್ಷೆ ಉಳಿಸಿದ್ದರು.

ಆ ಕಂಪ್ಯೂಟರು ಪ್ರತಿ ಫೈಲಿನ ಹಿಂದಿನ ರೂಪಗಳನ್ನೂ ಕಾದಿಡುತ್ತದೆಂದು ಓದಿದ್ದೆನೇ ಹೊರತು ಕಂಡಿರಲಿಲ್ಲ. ಆ ಹಳೆಯ ರೂಪಗಳಿರುವ, ಓದಲಷ್ಟೇ ಅನುಮತಿಯಿರುವ ಜಾಗದಲ್ಲಿ ನಿನ್ನೆಯ ದಿನಾಂಕ ನಮೂದಿಸಿ ಹುಡುಕಿದೆ. ಹೊಂಡ, ಅತ್ತಿಮರ, ಅವರ ಗುಡಿಸಲು, ಎಲ್ಲವೂ ಇದ್ದಂತೆಯೇ ತೆರೆದುಕೊಂಡವು. ನಾನು ಬೆರಗಾಗಿ ಕುಳಿತೆ.

"ಇದನ್ನು ನೋಡಬಹುದು ಅಜ್ಜಿ, ಯಾರೂ ತಿದ್ದಲಾಗದು," ಎಂದೆ.

"ನಮ್ ಕಾಡೂ ಈಗ ಅಂಗೇ ಕಣವ್ವ, ನೋಡಕ್ಕಷ್ಟೇಯ," ಎಂದು ನಕ್ಕರು. "ಇದ್ನಾರ ಯಾರೂ ಅಳಿಸ್ದಂಗಾಯ್ತು, ಬುಡು."

ನಾನು ಹಾಡಿಯನ್ನು ಇಂದಿನ ಫೈಲಿಗೆ ನಕಲು ಮಾಡುವವರೆಗೂ ಅವರು ಪರದೆಯ ಮೇಲಿನ ಗುಡಿಸಲಿನಿಂದ ಬೆರಳು ತೆಗೆಯಲಿಲ್ಲ.