ನಲವತ್ತು ಗ್ರಾಮು ಹೆಚ್ಚು

ಆ ದಿನ ಮೀಟರ್ ಮೇಡಂಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಔಷಧ ಕಾರ್ಖಾನೆಯಲ್ಲಿ ತಕ್ಕಡಿ, ಥರ್ಮಾಮೀಟರುಗಳ ಸುಳ್ಳು ಹಿಡಿಯುವುದೇ ಅವಳ ಕೆಲಸ. ಅಡ್ಡಹೆಸರು ಅಂಟಿಕೊಂಡದ್ದೂ ಹಾಗೆಯೇ. ಕಾರ್ಖಾನೆ ಮುಚ್ಚಿತು. ಒಂದು ವರ್ಷ ಮನೆಯಲ್ಲಿ ಕೂತು ಪಾಪ, ಏನೂ ಅರಿಯದ ಗಂಡನ ಮೇಲೆ ಹರಿಹಾಯ್ದಳು. ಆಮೇಲೆ ಸಿಕ್ಕಿದ್ದು ಈ ಕೆಲಸ: ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷದ ವಿಜ್ಞಾನ, ತಂತ್ರಜ್ಞಾನದ ಮಕ್ಕಳಿಗೆ ನಾಳೆಯ ಉದ್ಯೋಗಕ್ಕೆ ಬೇಕಾದ ಕೌಶಲ ಕಲಿಸುವುದು. ಗುತ್ತಿಗೆ ಇವತ್ತಿಗೆ ಮುಗಿಯುತ್ತದೆ. ಮುಂದುವರಿಸುವುದು, ಬಿಡುವುದು ವಿಭಾಗದ ಮುಖ್ಯಸ್ಥರ ಕೈಯಲ್ಲಿ. ಅವರೋ, ಕೊನೆಯ ಬೆಂಚಿನಲ್ಲಿ ಬಂದು ಕೂತೇಬಿಟ್ಟಿದ್ದರು.

ಮೇಜಿನ ಮೇಲೆ ಒಂದು ಕಿಲೋ ಎಂದು ಅಚ್ಚೊತ್ತಿದ ತೂಕದ ಬಟ್ಟು, ಪಕ್ಕದಲ್ಲಿ ಡಿಜಿಟಲ್ ತಕ್ಕಡಿ. ಅದು ನಲವತ್ತು ಗ್ರಾಮು ಹೆಚ್ಚು ತೋರಿಸುವಂತೆ ಅವಳೇ ಬೇಕೆಂದು ಕೆಡಿಸಿಟ್ಟಿದ್ದಳು.

"ಒಬ್ಬೊಬ್ರೇ ಬಂದು ತೂಕ ನೋಡಿ. ನಾನು ನಿಮ್ಮ ಬಾಸ್ ಅಂದ್ಕೊಂಡು ಚೀಟೀಲಿ ವರದಿ ಬರ್ದು ಕೊಡಿ."

ಮೂವತ್ತು ಮಂದಿ ಬಂದರು. ತಕ್ಕಡಿ ನೋಡಿ ಹುಬ್ಬು ಗಂಟಿಕ್ಕಿದರು, ಬಟ್ಟಿನ ಮೇಲಿನ ಅಚ್ಚು ನೋಡಿ ನಿರಾಳವಾದರು, ಬರೆದರು. ಸಾವಿರ ಗ್ರಾಮು. ಸಾವಿರ ಗ್ರಾಮು. ಒಂದೊಂದೇ ಚೀಟಿ ಬಿಡಿಸಿ ಪಕ್ಕಕ್ಕಿಟ್ಟಳು. ನಾಲ್ಕು ತಿಂಗಳು ಗಂಟಲು ಹರಿದುಕೊಂಡದ್ದು ಯಾರಿಗೆ, ಗೋಡೆಗೇ? ಲ್ಯಾಬಿನಲ್ಲಿ ಉತ್ತರ ಮೊದಲು, ರೀಡಿಂಗ್ ಆಮೇಲೆ ಬರೆಯುವ ಚಾಳಿ ಮಕ್ಕಳ ಮೈಗೆ ಹತ್ತಿಬಿಟ್ಟಿತ್ತು.

ಒಂದೇ ಚೀಟಿ ಬೇರೆ: 'ಸಾವಿರದ ನಲವತ್ತು. ತಕ್ಕಡಿ ಸರಿಯಿಲ್ಲ ಅನ್ಸುತ್ತೆ. ಇದನ್ನ ನಂಬಿ ಕೆಲಸ ಮಾಡ್ಬೇಡಿ.'

ಬರೆದವಳು ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿ. "ತಪ್ಪಾಯ್ತಾ ಮೇಡಂ?"

"ಇಲ್ಲಮ್ಮ. ನೀನೊಬ್ಬಳೇ ಸರಿಯಾಗಿ ನೋಡಿದ್ದು."

ಮಕ್ಕಳು ಹೋದ ಮೇಲೆ ಮುಖ್ಯಸ್ಥರು ಒಂದು ಫಾರಂ ಮುಂದಿಟ್ಟರು. ಕೆಟ್ಟ ಮನುಷ್ಯರೇನಲ್ಲ. "ಹುಡುಗ್ರು ಹಾಗೇ ಮೇಡಂ, ಕೆಲಸಕ್ಕೆ ಸೇರಿದ್ಮೇಲೆ ಕಲೀತಾರೆ. ಕೌಶಲ ಕಲಿತವರು ಮೂವತ್ತಕ್ಕೆ ಮೂವತ್ತು ಅಂತ ತುಂಬಿಬಿಡಿ. ಮುಂದಿನ ವರ್ಷಕ್ಕೂ ನೀವೇ."

ಅಬ್ಬಾ, ಎಷ್ಟು ಸಲೀಸು. ಮೂರರ ಅಂಕಿ ಬರೆದೂ ಆಯಿತು. ಸೊನ್ನೆ ಬರೆಯಲು ಮಾತ್ರ ಕೈ ಬರಲಿಲ್ಲ. ಮೂರನ್ನು ಹೊಡೆದುಹಾಕಿ, ಪಕ್ಕದಲ್ಲಿ ಒಂದು ಎಂದು ಬರೆದು ಸಹಿ ಹಾಕಿದಳು.

ಮುಖ್ಯಸ್ಥರು ಕನ್ನಡಕ ತೆಗೆದರು. "ಇದನ್ನ ತೋರಿಸಿ ನಿಮ್ಮನ್ನ ಹೇಗೆ ಉಳಿಸ್ಕೊಳ್ಳಲಿ ಮೇಡಂ?"

"ಗೊತ್ತಿಲ್ಲ ಸರ್," ಎಂದಳು. ಅಳು ಬರುವಷ್ಟು ಭಯವಾಗಿತ್ತು. ಆದರೂ ಫಾರಂ ವಾಪಸ್ ಕೇಳಲಿಲ್ಲ.