ಚರ್ಚೆಗೆ ಹೋದ ಮೇಷ್ಟ್ರು

ಸ್ಟುಡಿಯೋದಲ್ಲಿ ಮುಖಕ್ಕೆ ಬಳಿದ ಪೌಡರು ದವಡೆಯ ಅಂಚಿಗೇ ನಿಂತುಬಿಡುತ್ತಿತ್ತು. ಅದರ ಕೆಳಗೆ ಮೇಷ್ಟ್ರ ಕಪ್ಪು ಕತ್ತು, ಬೆವರಿಗೆ ಹಳದಿಯಾದ ಕಾಲರು. ಮಧ್ಯಾಹ್ನದ ಟೀವಿ ಚರ್ಚೆ ಮುಗಿಸಿ ಹಾಗೆಯೇ ಪೀಣ್ಯದ ನಮ್ಮ ಸಂಜೆ ಕಾಲೇಜಿಗೆ ಬರುತ್ತಿದ್ದರು. ಹಗಲೆಲ್ಲ ಮಿಷಿನ್ನಿನ ಮುಂದೆ ನಿಂತು ಬಂದ ನಮಗೆ ರಾಜ್ಯಶಾಸ್ತ್ರ ಹೇಳುತ್ತಿದ್ದರು.

ಟೀವಿಗೆ ಹೋಗುವ ಮೊದಲು ಅವರು ಬೇರೆಯೇ ಮನುಷ್ಯ. ತರಗತಿಯಲ್ಲಿ ನಮ್ಮನಮ್ಮಲ್ಲೇ ವಾದ ಹಚ್ಚಿ ಕೂರುವುದು ಅವರಿಗೆ ಇಷ್ಟ. ಒಂದೇ ಷರತ್ತು. "ಎದುರಿಗಿರೋನು ಏನ್ ಹೇಳ್ದ ಅಂತ ಮೊದ್ಲು ನೀನು ಹೇಳು. ಅವನು ಹೌದು ಅಂದ್ಮೇಲೆ ಬೈಯಪ್ಪ, ಎಷ್ಟು ಬೇಕಾದ್ರೂ ಬೈ." ಲಿಂಗಸುಗೂರು ಕಡೆಯಿಂದ ಬಂದು, ಬಾಯಿ ತೆರೆಯಲೂ ಅಂಜುತ್ತಿದ್ದ ನನ್ನನ್ನು ದಿನಾ ಎಬ್ಬಿಸಿ ನಿಲ್ಲಿಸಿದವರು ಅವರೇ.

ಮೊದಮೊದಲು ಟೀವಿಯಲ್ಲೂ ಹಾಗೇ ಮಾತಾಡಿದರು. ಬರಬರುತ್ತ ಆಳುವ ಪಕ್ಷದ ಕಡೆಯ ಕುರ್ಚಿ ಕಾಯಂ ಆಯಿತು. ಬೆಲೆ ಏರಲಿ, ಸೇತುವೆ ಬೀಳಲಿ, ಮೇಷ್ಟ್ರು ಏನು ಹೇಳುತ್ತಾರೆಂದು ನಾನೂ ನನ್ನ ರೂಮಿನ ಗೆಳೆಯನೂ ಅವರಿಗಿಂತ ಮೊದಲೇ ಹೇಳಿ ನಗುತ್ತಿದ್ದೆವು. ಅವನೂ ಅವರ ಶಿಷ್ಯನೇ.

ಆ ಗೆಳೆಯ ಒಂದು ದಿನ ತನ್ನ ಕಾರ್ಖಾನೆಯಲ್ಲಿ ಕೆಮಿಕಲ್ ಟ್ಯಾಂಕ್ ತೊಳೆಯಲು ಇಳಿದವನು ಜೀವಂತವಾಗಿ ಮೇಲೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಮಾದನಾಯಕನಹಳ್ಳಿಯ ನಮ್ಮ ರೂಮಿಗೆ ಮೇಷ್ಟ್ರು ಓಡಿಬಂದರು. ನಮ್ಮ ಜೊತೆಗೇ ಇದ್ದು ರೊಟ್ಟಿ ಬಡಿದು ಹಾಕುತ್ತಿದ್ದ ಅವನ ಅವ್ವನ ಕೈ ಹಿಡಿದು ಅತ್ತರು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಸೇಫ್ಟಿ ಬೆಲ್ಟ್ ಕೊಟ್ಟಿರಲಿಲ್ಲ. ಹುಡುಗರು ದೂರು ಬರೆದುಕೊಟ್ಟರೂ ಸರ್ಕಾರದ ಕಡೆಯಿಂದ ತಪಾಸಣೆಗೆ ಒಬ್ಬರೂ ಬಂದಿರಲಿಲ್ಲ.

"ಇವತ್ತು ಮಧ್ಯಾಹ್ನ ಇದೇ ಚರ್ಚೆ ಕಣಮ್ಮಾ. ಎಲ್ಲಾ ಹೇಳ್ತೀನಿ," ಎಂದು ಹೋದರು.

ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು. ಅವ್ವ ಟೀವಿ ಹಾಕಿಸಿಕೊಂಡು ಕೂತಳು. ನಿರೂಪಕ ಕೇಳಿದಾಗ ಮೇಷ್ಟ್ರು ತಲೆ ತಗ್ಗಿಸಿ ಫೋನು ನೋಡಿದರು. ಆಮೇಲೆ ಎಂದಿನ ಗಟ್ಟಿ ದನಿ. "ಬೆಲ್ಟ್ ಕೊಟ್ರೂ ಇವ್ರು ಹಾಕ್ಕೊಳ್ಳಲ್ಲ. ಇದಕ್ಕೆ ಸರ್ಕಾರ ಏನ್ ಮಾಡುತ್ತೆ? ವಿರೋಧ ಪಕ್ಷದವ್ರು ಹೆಣದ ಮೇಲೆ ರಾಜಕೀಯ ಮಾಡೋದು ಬಿಡ್ಲಿ." ಕೂತಿದ್ದ ನಾಲ್ವರೂ ಒಟ್ಟಿಗೆ ಕಿರುಚತೊಡಗಿದರು.

ಅವ್ವ ನನ್ನ ಕಡೆ ತಿರುಗಿದಳು. "ತಮ್ಮಾ, ನೀ ಅವರಿಗೆ ಸರಿಯಾಗಿ ಹೇಳಿದ್ದಿಲ್ಲೇನು?"

ಅಂದೇ ಸಂಜೆ ಕಾಲೇಜಿನ ಮೆಟ್ಟಿಲ ಬಳಿ ಅವರನ್ನು ತಡೆದು ನಿಲ್ಲಿಸಿದೆ. "ಯಾಕೆ ಸರ್?"

"ಹೇಳ್ಬೇಕು ಅಂತಾನೇ ಹೋದೆ ಕಣೋ," ಎಂದರು. "ಅಲ್ಲಿ ಕೂತ್ಮೇಲೆ ಬಾಯಿ ತಾನಾಗೇ ಅದನ್ನೇ ಅಂದ್ಬಿಡ್ತು."

ನಾನು ಮತ್ತೆ ಅವರ ತರಗತಿಗೆ ಹೋಗಲಿಲ್ಲ. ಅವರು ಚರ್ಚೆ ಬಿಡಲಿಲ್ಲ.

ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ನನ್ನನ್ನು ಕರೆದರು. ಮಗ ಹೋದ ಮೇಲೂ ನನ್ನ ರೂಮಿನಲ್ಲೇ ಉಳಿದಿದ್ದ ಅವ್ವ ಜೊತೆಗೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ಇದನ್ನೆಲ್ಲ ಹೇಳಿಯೇ ಬಿಡಬೇಕೆಂದು ಮೈಕಿನ ಮುಂದೆ ನಿಂತೆ. ಎದುರಿಗೆ ಮೇಷ್ಟ್ರ ಹೆಂಡತಿ, ಪ್ರಿನ್ಸಿಪಾಲರು, ಎರಡೂ ಪಕ್ಷದ ಮುಖಂಡರು. ಒಳ್ಳೆಯ ನಾಲ್ಕು ಮಾತಾಡಿ ಇಳಿದುಬಿಟ್ಟೆ.

"ನಡಿ, ಬಸ್ಸಿಗೆ ಹೊತ್ತಾತು," ಎಂದಳು ಅವ್ವ. ರೂಮು ಮುಟ್ಟುವವರೆಗೂ ನನ್ನ ಮುಖ ನೋಡಲಿಲ್ಲ.