ನೆರಳು ಹಾಕಿದವರ ಸಹಿ

ಮಾನ್ಯ ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಈ ಕೆಳಗೆ ವಿವರಿಸಿರುವ ಸಂಗತಿಯು ಕಳೆದ ವರ್ಷ ಯಲ್ಲಾಪುರದಲ್ಲಿ ನನಗೇ ಆದ ಅನುಭವವಾಗಿರುತ್ತದೆ. ಬರೆಯುವುದು ನನಗೆ ಮೊದಲ ಸಲ. ತಪ್ಪಿದ್ದಲ್ಲಿ ಮನ್ನಿಸಬೇಕು; ಸುಳ್ಳೆಂದು ಮಾತ್ರ ಭಾವಿಸಬಾರದು.

ನಾನು ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಅನ್ವಯಿಕ ಕಲೆಯ ಅಂತಿಮ ವರ್ಷದಲ್ಲಿದ್ದೆನು. ನನ್ನ ಚಾಚಾ ಲಾರಿಗಳ ಮೇಲೆ ಅಕ್ಷರ ಬರೆಯುತ್ತಿದ್ದವರು. ಸ್ಟಿಕ್ಕರ್ ಬಂದ ಮೇಲೆ ಅವರ ಕುಂಚ ನಿಂತುಹೋಯಿತು. ಅವರು ಬರೆದ ಹತ್ತು ಬರಹಗಳನ್ನು ಟ್ರೇಸಿಂಗ್ ಹಾಳೆಗೆ ಇಳಿಸಿ ಸಲ್ಲಿಸುವುದು ನನ್ನ ಪ್ರಾಜೆಕ್ಟ್ ಆಗಿತ್ತು. ಒಂಬತ್ತು ಸಿಕ್ಕಿದ್ದವು. ಹತ್ತನೆಯದಿಲ್ಲದಿದ್ದರೆ ವರ್ಷವೇ ಹೋಗುತ್ತಿತ್ತು.

ಅದು ಇದ್ದದ್ದು ಗುಜರಿ ಸೇರಿದ್ದ ಒಂದು ಲಾರಿಯ ಹಿಂಬಾಗಿಲಲ್ಲಿ. ಮರುದಿನ ಬೆಳಿಗ್ಗೆ ಲಾರಿಯನ್ನು ಕತ್ತರಿಸುತ್ತಾರೆಂದು ಸಂಜೆ ತಿಳಿಯಿತು.

“ಅದೊಂದು ಬಿಡು ಬೇಟಾ,” ಎಂದರು ಚಾಚಾ. “ಅದಕ್ಕೆ ನೆರಳಿಲ್ಲ.”

ಅಕ್ಷರದ ಪಕ್ಕಕ್ಕೆ ಎಳೆಯುವ ಕಪ್ಪು ಪಟ್ಟಿಗೆ ಅವರ ಕೆಲಸದಲ್ಲಿ ನೆರಳು ಎನ್ನುತ್ತಾರೆ. ಅಕ್ಷರ ಉಸ್ತಾದರದು, ನೆರಳು ಶಿಷ್ಯನದು. ಆ ಲಾರಿಗೆ ನೆರಳು ಹಾಕಬೇಕಿದ್ದ ಸಲೀಂ ಎಂಬ ಶಿಷ್ಯ, ಚಾಚಾ ಅಕ್ಷರ ಬರೆದ ವಾರವೇ ಅರಬೈಲ್ ಘಟ್ಟದಲ್ಲಿ ಅಪಘಾತವಾಗಿ ತೀರಿಕೊಂಡಿದ್ದ. ಒಬ್ಬ ಬಿಟ್ಟುಹೋದ ನೆರಳನ್ನು ಇನ್ನೊಬ್ಬ ಹಾಕಬಾರದೆಂಬುದು ಅವರ ಕಟ್ಟಳೆ.

“ಹೋಗೋದಾದ್ರೆ ಅಕ್ಷರ ಅಷ್ಟೇ ತಗೊಂಡು ಬಾ. ನೆರಳಿನ ಗೆರೆ ಕೂಡ ಎಳೀಬೇಡ.”

ರಾತ್ರಿ ಹತ್ತಕ್ಕೆ ಗುಜರಿಯ ಕಾವಲುಗಾರ ಗೇಟು ತೆರೆದ. “ಗುಜರಿ ಲಾರಿ ನೋಡಿ ಬರೀಲಿಕ್ಕೂ ಕಾಲೇಜು ಉಂಟನಾ ಮಾರಾಯ?” ಎಂದು ನಕ್ಕು, ಒಳಗಿನಿಂದ ಬೀಗ ಹಾಕಿಕೊಂಡ.

ತುಕ್ಕು, ಸುಟ್ಟ ಆಯಿಲ್‌ಗಳ ವಾಸನೆ… ಟಾರ್ಚಿನ ಬೆಳಕಿನಲ್ಲಿ ಹಾಳೆ ಅಂಟಿಸಿ “ಮತ್ತೆ ಸಿಗೋಣ” ಎಂಬ ಐದು ಅಕ್ಷರಗಳನ್ನೂ ಪೆನ್ಸಿಲಿನಿಂದ ಇಳಿಸಿಕೊಂಡೆನು.

ಆಗ ನನ್ನಿಂದ ಪ್ರಮಾದವಾಯಿತು. ಉಳಿದ ಒಂಬತ್ತಕ್ಕೂ ನೆರಳಿತ್ತು. ಇದೊಂದು ಬೋಳಾಗಿ ಕಂಡರೆ ಅಂಕ ಕಡಿಮೆಯಾದೀತೆಂದು ಹೆದರಿ, ಮೊದಲ ಅಕ್ಷರದ ಬಲಕ್ಕೆ ನೆರಳಿನ ಗೆರೆಯೊಂದನ್ನು ಎಳೆದೆನು. ಪೆನ್ಸಿಲಿನ ಮೊನೆ ಮುರಿಯಿತು. ಅದನ್ನು ಚೂಪು ಮಾಡುವ ಬ್ಲೇಡು ಕಾವಲುಗಾರನ ಬಳಿ ಇಟ್ಟ ಚೀಲದಲ್ಲಿತ್ತು.

ಹೋಗಿ ಬರಲು ಐದು ನಿಮಿಷವೂ ಆಗಿರಲಿಕ್ಕಿಲ್ಲ. ಹಿಂದಿರುಗುವಾಗ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಕುಂಚ ಎಳೆಯುವ ಸದ್ದು… ಸರ್… ಸರ್… ಟಾರ್ಚು ಎತ್ತಿದೊಡನೆ ನಿಂತಿತು.

ಅಲ್ಲಿ ಯಾರೂ ಇರಲಿಲ್ಲ. ಹಾಳೆಯ ಮೇಲೆ ಐದೂ ಅಕ್ಷರಗಳಿಗೆ ಕಪ್ಪು ನೆರಳು ಬಿದ್ದಿತ್ತು. ಮುಟ್ಟಿದರೆ ಬೆರಳಿಗೆ ಹತ್ತಿತು. ನಾನು ಗೆರೆ ಎಳೆದದ್ದು ಬಲಕ್ಕೆ. ನೆರಳು ಬಿದ್ದದ್ದು ಎಡಕ್ಕೆ.

“ಒಳಗೆ ಬೇರೆ ಯಾರಾದರೂ ಇದ್ದಾರೆಯೇ?” ಎಂದು ಕಾವಲುಗಾರನನ್ನು ಕೇಳಿದೆನು.

“ಕೀಲಿ ನನ್ನ ಸೊಂಟದಲ್ಲುಂಟು. ನಿನ್ನ ಮುಖ ಎಂತಕ್ಕೆ ಹೀಂಗಾತು?”

ಮನೆಯಲ್ಲಿ ಚಾಚಾ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದರು. “ನಿನ್ನ ಹತ್ರ ಬಣ್ಣ ಇತ್ತಾ?”

“ಪೆನ್ಸಿಲ್ ಮಾತ್ರ, ಚಾಚಾ.”

“ಸಲೀಂ ಎಡಗೈಯವನು… ಅವನ ನೆರಳು ಯಾವಾಗ್ಲೂ ಎಡಕ್ಕೇ,” ಎಂದವರು ಗೋಡೆಯ ಕಡೆ ತಿರುಗಿ ಮಲಗಿದರು.

ಬೆಳಗಾಗುವಷ್ಟರಲ್ಲಿ ಲಾರಿ ತುಂಡಾಗಿತ್ತು. ಬೇರೆ ದಾರಿಯಿಲ್ಲದೆ ಅದೇ ಹಾಳೆಯನ್ನು ಕೊಂಡೊಯ್ದೆನು. ಪರೀಕ್ಷಕರು ಹತ್ತರಲ್ಲಿ ಅದನ್ನೇ ಹೆಚ್ಚು ಮೆಚ್ಚಿದರು. ನಂತರ ದೃಢೀಕರಣ ಪತ್ರವನ್ನು ಮುಂದಿಟ್ಟರು: ‘ಈ ಕೃತಿಯಲ್ಲಿ ಅನ್ಯರ ಕೈ ಇರುವುದಿಲ್ಲ.’

ನನ್ನ ಕೈ ಮುಂದೆ ಹೋಗಲಿಲ್ಲ.

“ಎಲ್ಲರೂ ಹಾಕ್ತಾರಯ್ಯ, ಹಾಕು,” ಎಂದರು ವಿಭಾಗದ ಮೇಷ್ಟ್ರು. ನಾನು ಪತ್ರವನ್ನು ಹಿಂದಕ್ಕೆ ಸರಿಸಿದ್ದನ್ನು ಕಂಡು ಬೇರೆ ಫಾರಂ ಕೊಟ್ಟರು. “ಇನ್ನೊಬ್ಬರು ಸೇರಿ ಮಾಡಿದ್ರೆ ಇಲ್ಲಿ ಅವರ ಸಹಿ ಹಾಕಿಸ್ಕೊಂಡು ಬಾ.”

ಫಲಿತಾಂಶವನ್ನು ತಡೆಹಿಡಿಯಲಾಯಿತು. ಕೊಟ್ಟ ಗಡುವೂ ಮುಗಿದಿರುತ್ತದೆ. ಸದ್ಯ ಶಿರಸಿಯ ಅಂಗಡಿಯೊಂದರಲ್ಲಿ ವಾಹನಗಳ ಸ್ಟಿಕ್ಕರ್ ಕತ್ತರಿಸುತ್ತಿದ್ದೇನೆ. ಪದವಿಯ ಆಸೆ ಉಳಿದಿಲ್ಲ.

ಆ ಫಾರಂ ನಾಲ್ಕು ಮಡಿಕೆಯಾಗಿ ನನ್ನ ಪೆಟ್ಟಿಗೆಯ ತಳದಲ್ಲಿದೆ. ನಾನು ಸಹಿ ಮಾಡಿಲ್ಲವೆಂಬುದು ನನಗೆ ಖಚಿತ. ಇನ್ನೊಬ್ಬರ ಸಹಿಯ ಜಾಗ ಈಗಲೂ ಖಾಲಿಯಿದೆಯೇ ಎಂದು ಬಿಡಿಸಿ ನೋಡುವ ಧೈರ್ಯ ಮಾತ್ರ ಈವರೆಗೂ ಬಂದಿರುವುದಿಲ್ಲ…